ಅಣ್ಣನಿಗೆ ಬೇಲ್: ತಾತನ ಹೆಸರಿನ ಪಹಣಿ ಶ್ಯೂರಿಟಿಗೆ ನಡೆಯುತ್ತಾ?

ಜಗಳೂರು ಸೀಮೆ:

ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. ಹೊಲದ ಬದುವಿನ ವಿಷಯಕ್ಕೆ ನಮ್ಮಣ್ಣನಿಗೂ ದೊಡ್ಡಪ್ಪನ ಮಗನಿಗೂ ಜಗಳ ಆಯ್ತು. ಗುದ್ದಲಿ ಕಾವಿನಿಂದ ಅವನ ತಲೆಗೆ ಪೆಟ್ಟು ಬಿದ್ದಿದೆ. ಹೊಲಿಗೆ ಹಾಕಿಸಿಕೊಂಡು ಈಗ ಮನೆಗೆ ಬಂದಿದ್ದಾನೆ. ಅಣ್ಣನ ಮೇಲೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 109, 118(1), 352, 351(2) ಹಾಕಿದ್ದಾರೆ. ಜಗಳೂರು ಕೋರ್ಟಿನಿಂದ ಜೈಲಿಗೆ ಕಳಿಸಿದರು. ವಕೀಲರು "ಇಲ್ಲಿ ಬೇಲ್ ಆಗಲ್ಲ, ದಾವಣಗೆರೆ ಸೆಷನ್ಸ್‌ಗೆ ಹಾಕೋಣ" ಅಂತಾರೆ. ನಿಜಾನಾ, ಇಲ್ಲ ಸುಮ್ನೆ ಫೀಸು ಏರಿಸೋಕಾ?

ಇನ್ನೊಂದು. ಒಂದು ಲಕ್ಷದ ಬಾಂಡ್ ಅಂದ್ರೆ ಅಷ್ಟು ದುಡ್ಡು ಕಟ್ಟಬೇಕಾ? ನಮ್ಮ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದೆ. ತಾತ ತೀರಿಕೊಂಡು ಎಷ್ಟೋ ವರ್ಷ ಆಯ್ತು. ಟೀ ಅಂಗಡಿಯಲ್ಲಿ ಒಬ್ಬ ಸಿಕ್ಕಿ "ಪಹಣಿ ಸಮೇತ ಶ್ಯೂರಿಟಿ (ಜಾಮೀನುದಾರ) ನಾನೇ ತರ್ತೀನಿ, ನೀವು ದುಡ್ಡು ಕೊಡಿ ಸಾಕು" ಅಂದ. ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ಮೆಕ್ಕೆಜೋಳ ಮುರಿಯೋ ಟೈಮ್ ಬೇರೆ. ತಿಳಿದವರು ಹೇಳಿ.

ಹರಿಹರದ ಮಾವ:

ಕೋರ್ಟು ಕಚೇರಿ ಯಾಕಪ್ಪಾ? ಊರಿನ ನಾಲ್ಕು ಹಿರಿಯರನ್ನ ಕರ್ಕೊಂಡು ದೊಡ್ಡಪ್ಪನ ಮನೆಗೆ ಹೋಗಿ ರಾಜಿ ಮಾಡ್ಕೊಳ್ಳಿ. ಕೇಸ್ ವಾಪಸ್ ತಗೊಂಡ್ರೆ ಮುಗೀತಲ್ಲ.

ಹಳೇ ಗುಮಾಸ್ತ, ದಾವಣಗೆರೆ:

ಮಾವನವರೇ, ಬೇಜಾರು ಮಾಡ್ಕೋಬೇಡಿ, ಈಗ ಅದು ಬೇಡ. 109 ಅಂದ್ರೆ ಕೊಲೆ ಯತ್ನ. ದೂರು ಕೊಟ್ಟವರು ಒಪ್ಪಿದರೂ ಅದು ರಾಜಿ ಆಗುವ ಕಲಂ ಅಲ್ಲ. ಬೇಲ್ ಅರ್ಜಿ ಬಾಕಿ ಇರುವಾಗ ಇವರು ಗುಂಪು ಕಟ್ಟಿಕೊಂಡು ಆ ಮನೆಗೆ ಹೋದರೆ, ನಾಳೆ ಸರ್ಕಾರಿ ವಕೀಲರು "ಸಾಕ್ಷಿಗಳನ್ನ ಹೆದರಿಸ್ತಿದ್ದಾರೆ" ಅಂತ ಬರೆದುಕೊಡ್ತಾರೆ. ಬೇಲ್ ತಪ್ಪಿಸೋಕೆ ಅಷ್ಟು ಸಾಕು.

ತಮ್ಮಾ, ನಿಮ್ಮ ವಕೀಲರು ಹೇಳಿದ್ದು ಸರಿ. 109ರಲ್ಲಿ ಗಾಯ ಆಗಿದ್ದರೆ ಜೀವಾವಧಿ ತನಕ ಶಿಕ್ಷೆ ಇದೆ. ಅಂಥ ಕಲಂ ಇದ್ದಾಗ ಮ್ಯಾಜಿಸ್ಟ್ರೇಟ್ ಸಾಮಾನ್ಯವಾಗಿ ಬೇಲ್ ಕೊಡೋಕೆ ಹೋಗಲ್ಲ. ಸೆಷನ್ಸ್‌ನಲ್ಲಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 483ರ ಕೆಳಗೆ ಹಾಕ್ತಾರೆ. 2024ರ ಜುಲೈಗೆ ಮೊದಲು ಅದೇ ಹಳೇ ಸಿಆರ್‌ಪಿಸಿಯ 439 ಆಗಿತ್ತು, ಹಳಬರು ಈಗಲೂ ಹಾಗೇ ಅಂತಾರೆ. ಅಲ್ಲಿ ಸರ್ಕಾರಿ ವಕೀಲರಿಗೆ ನೋಟಿಸ್ ಹೋಗಿ ತಕರಾರು ಬರುತ್ತೆ, ಆಮೇಲೆ ವಾದ. ಅಲ್ಲೂ ಆಗದಿದ್ದರೆ ಹೈಕೋರ್ಟು. ಪಕ್ಕದ ಹಾವೇರಿಯವರು ಧಾರವಾಡಕ್ಕೆ ಹೋಗ್ತಾರೆ, ನಮಗೆ ಮಾತ್ರ ಬೆಂಗಳೂರೇ ಗತಿ.

ನಿಮ್ಮ ಕೇಸಿನಲ್ಲಿ ಜೀವ ಇರೋದು ವೂಂಡ್ ಸರ್ಟಿಫಿಕೇಟಿನಲ್ಲಿ. ಡಾಕ್ಟರು ಗಾಯ ಸಾಧಾರಣ ಅಂತ ಬರೆದಿದ್ದಾರಾ, ಗಂಭೀರ ಅಂತಲಾ? ಗಾಯಾಳು ಡಿಸ್ಚಾರ್ಜ್ ಆದ ತಾರೀಕು ಯಾವುದು? ಇವೆರಡನ್ನ ವಕೀಲರ ಕೈಗೆ ಮುಟ್ಟಿಸಿ. ಅಣ್ಣನಿಗೂ ಪೆಟ್ಟಾಗಿದ್ದರೆ, ನಿಮ್ಮ ಕಡೆಯಿಂದ ಪ್ರತಿದೂರು ಇದ್ದರೆ, ಅದನ್ನೂ ಹೇಳಿ. ವಕಾಲತ್ತಿಗೆ (ವಕೀಲರನ್ನ ನೇಮಿಸೋ ಪತ್ರಕ್ಕೆ) ಅಣ್ಣನ ಸಹಿ ಜೈಲಿನಲ್ಲೇ ಆಗಬೇಕು, ಅದರ ಮೇಲೆ ಜೈಲಿನವರ ಸಹಿ, ಸೀಲು ಬೀಳಬೇಕು. ಇದಕ್ಕೇ ಎಷ್ಟೋ ಸಲ ಒಂದು ದಿನ ಹೋಗುತ್ತೆ.

ಈಗ ಶ್ಯೂರಿಟಿ. ಜನ ಎಡವೋದು ಇಲ್ಲೇ. ಆರ್ಡರ್ ಬಂತು ಅಂತ ಪೇಡ ಹಂಚ್ತಾರೆ, ಹುಡುಗ ಮಾತ್ರ ವಾರ ಆದರೂ ಒಳಗೇ ಇರ್ತಾನೆ, ಯಾಕಂದ್ರೆ ಜಾಮೀನುದಾರನೇ ಇಲ್ಲ. ಒಂದು ಲಕ್ಷ ಈಗ ಕಟ್ಟಬೇಕಾಗಿಲ್ಲ. ಅಣ್ಣ ತಾರೀಕಿಗೆ ಬರದೆ ತಲೆ ತಪ್ಪಿಸಿಕೊಂಡರೆ ಆಗ ಆ ದುಡ್ಡಿಗೆ ಜಾಮೀನುದಾರ ಸಿಕ್ಕಿಕೊಳ್ತಾನೆ. ಅದಕ್ಕೇ ಅವನ ಹತ್ತಿರ ಏನಿದೆ ಅಂತ ಕೋರ್ಟು ನೋಡೋದು.

ಪಹಣಿಯ 9ನೇ ಕಾಲಂ ನೋಡು. ಅಲ್ಲಿ ಯಾರ ಹೆಸರಿದೆಯೋ ಅವರೇ ಬಂದು ಕಟಕಟೆ ಹತ್ತಿರ ನಿಲ್ಲಬೇಕು. ತೀರಿಕೊಂಡ ತಾತ ಹೇಗೆ ಬರ್ತಾನೆ? ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋದು) ಆಗದೆ ನಿಮ್ಮಪ್ಪ ಆ ಪಹಣಿ ಹಿಡಿದು ನಿಂತರೆ ನಡೆಯಲ್ಲ. ಪೌತಿ ಖಾತೆಗೆ ಈಗಲೇ ಅರ್ಜಿ ಕೊಡಿ, ಆದರೆ ಬೇಲ್ ಹೊತ್ತಿಗೆ ಅದು ಆಗುತ್ತೆ ಅಂತ ಕಾಯಬೇಡಿ. ಸ್ವಂತ ಹೆಸರಿನಲ್ಲಿ ಜಮೀನು ಇರುವ ನೆಂಟರನ್ನ ಇವತ್ತೇ ಕೇಳಿ.

ಟೀ ಅಂಗಡಿಯವನ ಸಹವಾಸ ಬೇಡವೇ ಬೇಡ. ಅವನು ತರುವ ಪಹಣಿ ಯಾರದ್ದೋ, ಆಧಾರ್ ಯಾರದ್ದೋ. ಇಂಥವರು ಒಂದೇ ಮನುಷ್ಯನನ್ನ ಹತ್ತು ಕೇಸಿಗೆ ನಿಲ್ಲಿಸ್ತಾರೆ. ಜಾಮೀನುದಾರ ಇದುವರೆಗೆ ಎಷ್ಟು ಜನಕ್ಕೆ ನಿಂತಿದ್ದಾನೆ ಅಂತ ಕೋರ್ಟಿಗೆ ಬರೆದುಕೊಡಬೇಕು ಅನ್ನೋ ಕಾನೂನು ಇದೆ. ಸುಳ್ಳು ಗೊತ್ತಾದರೆ ಅಣ್ಣನ ಬೇಲೂ ಹೋಗಬಹುದು, ನಿಮ್ಮ ಮೇಲೆ ಹೊಸ ಕೇಸೂ ಬೀಳಬಹುದು.

ಚಿತ್ರದುರ್ಗದ ಅಕ್ಕ:

ಗುಮಾಸ್ತರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಫೀಸಿಗೆ ಕಷ್ಟ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಫೋನ್ ನಂಬರ್ 15100. ಜೈಲಿನಲ್ಲಿ ಇರುವವರಿಗೆ ಆದಾಯ ಎಷ್ಟು ಅಂತ ನೋಡದೆ ಉಚಿತವಾಗಿ ವಕೀಲರನ್ನ ಕೊಡಬೇಕು. ಶ್ಯೂರಿಟಿ ಸಿಗದೆ ಒಳಗೇ ಉಳಿದರೂ ಅವರಿಗೇ ಹೇಳಿ. ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಜಾಮೀನುದಾರರ ಬದಲು ನಗದು ಇಡ್ತೀವಿ ಅಂತಾನೂ ಕೋರ್ಟನ್ನ ಕೇಳಬಹುದು, ಒಪ್ಪೋದು ಬಿಡೋದು ಜಡ್ಜ್‌ಗೆ ಬಿಟ್ಟಿದ್ದು.

ಜಗಳೂರು ಸೀಮೆ:

ಎಲ್ಲರಿಗೂ ಥ್ಯಾಂಕ್ಸ್. ಚಿತ್ರದುರ್ಗದ ಕಡೆ ನಮ್ಮ ಸೋದರಮಾವ ಇದ್ದಾರೆ, ಎರಡು ಎಕರೆ ಅವರ ಹೆಸರಲ್ಲೇ ಇದೆ. ಆದರೆ ಸೊಸೈಟಿ ಸಾಲ ಇದೆ. ಜಿಲ್ಲೆ ಬೇರೆ. ಆಗುತ್ತಾ?

ಹಳೇ ಗುಮಾಸ್ತ, ದಾವಣಗೆರೆ:

ಸಾಲ 11ನೇ ಕಾಲಂನಲ್ಲಿ ಕಾಣುತ್ತೆ, ಮುಚ್ಚಿಡೋಕೆ ಹೋಗಬೇಡಿ. ಸಾಲ ಸಣ್ಣದಿದ್ದು ಜಮೀನಿನ ಬೆಲೆ ಜಾಸ್ತಿ ಇದ್ದರೆ ಒಪ್ಪಿದ್ದನ್ನ ನೋಡಿದ್ದೀನಿ. ಬೇರೆ ಜಿಲ್ಲೆಯವರನ್ನೂ ಒಪ್ಪಿದ್ದಿದೆ, ಆದರೆ ಆರ್ಡರಿನಲ್ಲಿ "ಸ್ಥಳೀಯ ಜಾಮೀನು" ಅಂತ ಬರೆದಿದ್ದರೆ ಅದನ್ನ ಸಡಿಲ ಮಾಡಿಸಲು ವಕೀಲರು ಅರ್ಜಿ ಹಾಕಬೇಕು. ಎಷ್ಟು ಜನ ಜಾಮೀನುದಾರರು, ಜಗಳೂರಲ್ಲಿ ಕೊಡಬೇಕಾ ದಾವಣಗೆರೆಯಲ್ಲಾ, ಎಲ್ಲಾ ಅದರಲ್ಲೇ ಇರುತ್ತೆ. ಪೂರ್ತಿ ಓದಿಸಿಕೊಳ್ಳಿ.

ನಿಮ್ಮ ಸೋದರಮಾವನಿಗೆ ಹೊಸದಾಗಿ ತೆಗೆದ ಪಹಣಿ, ಮೂಲ ಆಧಾರ್, ಫೋಟೋ ತರೋಕೆ ಹೇಳಿ. ಜಡ್ಜ್ "ಆರೋಪಿ ನಿಮಗೆ ಏನಾಗಬೇಕು? ಜಮೀನು ಎಷ್ಟಿದೆ? ಸರ್ವೆ ನಂಬರ್ ಏನು?" ಅಂತ ಕೇಳಬಹುದು. ಸರ್ವೆ ನಂಬರಿಗೆ ತಡವರಿಸಿದರೆ ಅನುಮಾನ ಬರುತ್ತೆ, ಬಸ್ಸಿನಲ್ಲಿ ಬರುವಾಗಲೇ ಬಾಯಿಪಾಠ ಮಾಡಿಸು. ಆದಷ್ಟು ಬೆಳಗ್ಗೆಯೇ ಕೋರ್ಟು ಸೇರಿ. ಮಧ್ಯಾಹ್ನ ಆಗಿ ಬಿಡುಗಡೆ ಆದೇಶ ಜೈಲಿಗೆ ತಡವಾಗಿ ಮುಟ್ಟಿದರೆ, ಅವತ್ತು ರಾತ್ರಿ ಅಣ್ಣ ಅಲ್ಲೇ.