ಮೇಲೆ ಮಸಾರಿ, ಕೆಳಗೆ ಎರಿ: ಒಂದೇ ಹೊಲದಲ್ಲಿ ಎರಡು ಮಣ್ಣು ಹೇಗೆ?

ಹಳ್ಳದದಂಡೆ:
ಕುಷ್ಟಗಿ ಕಡೆ ನಮ್ಮ ಹೊಲ. ದಿಬ್ಬದ ಮೇಲೆ ಶುರುವಾಗಿ ಹಳ್ಳದ ತನಕ ಇಳಿಯುತ್ತದೆ. ಮೇಲಿನ ಅರ್ಧ ಮಸಾರಿ, ಕೆಂಪಗೆ, ಹಿಡಿಯಲ್ಲಿ ತಿಕ್ಕಿದರೆ ಉಸುಕು ಸಿಗುತ್ತದೆ. ಹಳ್ಳದ ಕಡೆ ಅಪ್ಪಟ ಎರಿ, ಅಂದರೆ ಕಪ್ಪು ಜೇಡಿ ಮಣ್ಣು. ಅಪ್ಪ ಮೇಲೆ ಸಜ್ಜೆ, ಶೇಂಗಾ ಹಾಕುತ್ತಾರೆ, ಕೆಳಗೆ ಹಿಂಗಾರಿಗೆ ಬಿಳಿಜೋಳ, ಕಡಲೆ. ಕಪ್ಪು ಮಣ್ಣು ಬಸಾಲ್ಟ್ ಕಲ್ಲಿನಿಂದ, ಕೆಂಪು ಮಣ್ಣು ಗ್ರಾನೈಟ್‌ನಿಂದ ಅಂತ ಶಾಲೆಯಲ್ಲಿ ಓದಿದ್ದೆ. ಆದರೆ ಈಚೆಗೆ ಕೆಳಗೆ ಕೃಷಿಹೊಂಡ ತೋಡಿಸಿದಾಗ ತಳದಲ್ಲಿ ಸಿಕ್ಕಿದ್ದು ದಿಬ್ಬದ ಮೇಲಿರುವ ಅದೇ ಪಟ್ಟೆ ಪಟ್ಟೆ ಕಲ್ಲು! ಕಲ್ಲು ಒಂದೇ ಆದರೆ ಮಣ್ಣು ಎರಡು ಹೇಗಾಯಿತು? ಮೇಲಿನ ಮಣ್ಣು ತೊಳೆದು ಬಂದು ಕೆಳಗೆ ಕೂತಿದ್ದರೆ ಅದೂ ಕೆಂಪಗೇ ಇರಬೇಕಿತ್ತು, ಅಲ್ವಾ? ನಮ್ಮ ದೊಡ್ಡಪ್ಪ ಹಳೇ ಕೆರೆ ಹೂಳು ಅನ್ನುತ್ತಾರೆ, ಆದರೆ ಅಲ್ಲಿ ಕೆರೆ ಇದ್ದದ್ದನ್ನು ಯಾರೂ ಕಂಡಿಲ್ಲ.

ಗುಂಡಿಯೊಳಗಿನಿಂದ:
ಮಣ್ಣು ಸರ್ವೇ ಕೆಲಸದಲ್ಲಿ ಇಂಥ ಹೊಲಗಳಲ್ಲೇ ಗುಂಡಿ ಇಳಿದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಶಾಲೆ ಪುಸ್ತಕ ಹೇಳಿದ್ದು ಅರ್ಧ ಮಾತ್ರ. ವಿಜಯಪುರ, ಕಲಬುರಗಿ ಕಡೆ ಎರಿ ಆಗಿರುವುದು ಬಸಾಲ್ಟ್ ಮೇಲೆಯೇ. ನಿಮ್ಮಲ್ಲಿ ಕಲ್ಲು ಒಂದೇ, ನೀರು ಹೋಗುವ ರೀತಿ ಬೇರೆ.

ಆ ಪಟ್ಟೆ ಕಲ್ಲಿಗೆ ನೈಸ್ ಅಂತಾರೆ. ಅದರಲ್ಲಿರುವ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಮಳೆನೀರಿಗೆ ಬಹಳ ನಿಧಾನವಾಗಿ ಕೊಳೆಯುತ್ತದೆ. ಆಗ ಕ್ಯಾಲ್ಸಿಯಂ, ಸಿಲಿಕಾ ನೀರಿನಲ್ಲಿ ಕರಗುತ್ತವೆ, ಕಲ್ಲಿನ ಕಪ್ಪು ಪಟ್ಟೆಗಳಿಂದ ಮೆಗ್ನೀಸಿಯಂ ಬಿಡುತ್ತದೆ. ದಿಬ್ಬದ ಮೇಲೆ ನೀರು ನಿಲ್ಲುವುದಿಲ್ಲ, ಬಸಿದು ಹೋಗುವಾಗ ಕರಗಿದ್ದನ್ನೆಲ್ಲ ಹೊತ್ತುಕೊಂಡೇ ಹೋಗುತ್ತದೆ. ಹಿಂದೆ ಉಳಿಯುವುದು ಉಸುಕು, ಕಯೊಲಿನೈಟ್ ಅನ್ನುವ ಉಬ್ಬದ ಜೇಡಿ, ಮತ್ತೆ ಕಬ್ಬಿಣ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ತುಕ್ಕಾಗುತ್ತದೆ, ಮಸಾರಿಯ ಕೆಂಪು ಅದೇ.

ತಗ್ಗಿನಲ್ಲಿ ಇದರ ಉಲ್ಟಾ. ಮೇಲಿಂದ ಇಳಿದ ನೀರು ಅಲ್ಲೇ ತಂಗುತ್ತದೆ, ಬೇಸಿಗೆಯಲ್ಲಿ ಆರುತ್ತದೆ, ಕರಗಿದ ಸಾಮಾನೆಲ್ಲ ಅಲ್ಲೇ ಉಳಿಯುತ್ತದೆ. ಸಿಲಿಕಾ, ಮೆಗ್ನೀಸಿಯಂ ಹೇರಳವಾಗಿ ಸಿಕ್ಕಾಗ ಸ್ಮೆಕ್ಟೈಟ್ ಅನ್ನುವ ಬೇರೆ ಜೇಡಿ ಹುಟ್ಟುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಜಾಸ್ತಿಯಾದ ಕ್ಯಾಲ್ಸಿಯಂ ಸುಣ್ಣವಾಗಿ ಹರಳುಗಟ್ಟುತ್ತದೆ. ಅಂದರೆ ಎರಿಯ ಜೇಡಿ ಬಹುಪಾಲು ಅಲ್ಲೇ ಹುಟ್ಟಿದ್ದು. ಮೇಲಿಂದ ಬಂದದ್ದು ಅದಕ್ಕೆ ಬೇಕಾದ ಸಾಮಾನು, ನೀರಿನಲ್ಲಿ ಕರಗಿ, ಕಣ್ಣಿಗೆ ಕಾಣದ ಹಾಗೆ.

ದಿಬ್ಬದಿಂದ ತಗ್ಗಿನ ತನಕ ಮಣ್ಣುಗಳು ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದನ್ನು ಜೆಫ್ರಿ ಮಿಲ್ನ್ ಅನ್ನುವ ಮಣ್ಣು ವಿಜ್ಞಾನಿ ಪೂರ್ವ ಆಫ್ರಿಕಾದ ಸರ್ವೇಯಲ್ಲಿ ಕಂಡು, 1935ರಲ್ಲಿ ಕೆಟಿನಾ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಸರಪಳಿ ಅಂತ ಅರ್ಥ. ನಮ್ಮ ಬಂಡೀಪುರದ ಮೂಲೆಹೊಳೆ ಕಾಡಿನಲ್ಲೂ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಅಲ್ಲೂ ಅಡಿಯಲ್ಲಿ ನೈಸ್, ಇಳಿಜಾರಿನಲ್ಲಿ ಕೆಂಪು, ತಗ್ಗಿನಲ್ಲಿ ಕಪ್ಪು.

ಒಂದು ಕೆಲಸ ಮಾಡಿ. ಮೇಲೆ, ನಡುವೆ, ಕೆಳಗೆ ಒಂದೊಂದು ಗುಂಡಿ ತೋಡಿ, ಏನು ಕಂಡಿತು ಬರೆಯಿರಿ.

ಎರಿಹೊಲ:
ಒಂದು ಮಾತು ಸೇರಿಸುತ್ತೇನೆ ಅಣ್ಣ. ಕಪ್ಪಗಿದೆ ಅಂದ ಕೂಡಲೇ ಗೊಬ್ಬರದ ಸತ್ವ ತುಂಬಿದೆ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ನಮ್ಮ ಎರಿಯನ್ನು ಪರೀಕ್ಷೆಗೆ ಕೊಟ್ಟಾಗ ಸಾವಯವ ಇಂಗಾಲ ಶೇಕಡಾ 1 ಕೂಡ ಬರಲಿಲ್ಲ. ಇರುವ ಸ್ವಲ್ಪವೇ ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡು ಬಣ್ಣ ಕೊಡುತ್ತದಂತೆ. ಬಣ್ಣ ನಂಬಿ ಗೊಬ್ಬರ ಹಾಕುವುದು ಬಿಡಬೇಡಿ. ಮತ್ತೆ ಹೊಂಡದ ಗೋಡೆ ನೋಡಿ, ಎರಿಯ ಹೆಂಟೆ ಬಿಡಿಸಿದರೆ ಓರೆಯಾಗಿ ನುಣ್ಣಗೆ ಹೊಳೆಯುವ ಮುಖ ಕಾಣುತ್ತದೆ, ಎಣ್ಣೆ ಸವರಿದ ಹಾಗೆ. ಮಣ್ಣು ಉಬ್ಬುವಾಗ ಒಂದರ ಮೇಲೊಂದು ಜಾರಿ ಉಜ್ಜಿದ ಗುರುತು ಅದು.

ಹಳ್ಳದದಂಡೆ:
ತಮ್ಮನೂ ನಾನೂ ಎರಡು ದಿನ ತೋಡಿದೆವು. ಮೇಲೆ ಮೊಣಕಾಲುದ್ದ ಹೋಗುವಷ್ಟರಲ್ಲಿ ಗರಸು ಬಂತು, ಗುದ್ದಲಿ ಇಳಿಯಲಿಲ್ಲ. ನಡುವಿನದು ಕಂದು, ಒದ್ದೆ ಮಾಡಿ ಉಂಡೆ ಕಟ್ಟಿದರೆ ನಿಲ್ಲುತ್ತದೆ, ಮಸಾರಿಯೂ ಅಲ್ಲ ಎರಿಯೂ ಅಲ್ಲ. ಕೆಳಗೆ ಸೊಂಟದುದ್ದ ಕಪ್ಪು, ಅದರಡಿ ಕಡಲೆಕಾಳಿನಷ್ಟು ಬಿಳಿ ಹರಳು. ಒಂದನ್ನು ಒಡೆದು ನಿಂಬೆರಸ ಹಿಂಡಿದೆ, ಸಣ್ಣಗೆ ಗುಳ್ಳೆ ಎದ್ದವು, ಸುಣ್ಣವೇ! ಹೊಳೆಯುವ ಮುಖವೂ ಸಿಕ್ಕಿತು, ಬೆರಳಾಡಿಸಿದರೆ ಜಾರುತ್ತದೆ. ಅಪ್ಪ ಗುಂಡಿಯೊಳಗೆ ಇಳಿದು ಬಹಳ ಹೊತ್ತು ನೋಡುತ್ತಾ ನಿಂತಿದ್ದರು.

ಆದರೆ ಒಂದು ಅರ್ಥವಾಗಲಿಲ್ಲ. ಕೆಳಗಿನ ಗುಂಡಿಯಲ್ಲಿ ಎಲ್ಲದಕ್ಕಿಂತ ಮೇಲೆ ನಾಲ್ಕು ಬೆರಳು ದಪ್ಪ ಕೆಂಪು ಉಸುಕಿದೆ. ಇದೆಲ್ಲಿಂದ?

ಗುಂಡಿಯೊಳಗಿನಿಂದ:
ಅದೇ ನೋಡಿ, ನೀವು ಮೊದಲು ಕೇಳಿದ ತೊಳೆದು ಬಂದ ಮಣ್ಣು. ಕೆಂಪಗೇ ಬಂದು ಕೆಂಪಗೇ ಕೂತಿದೆ. ಎರಿ ಆಗಲು ಸಾವಿರಾರು ವರ್ಷ ಬೇಕು, ಈ ಉಸುಕು ಕೆಲವೇ ಜೋರು ಮಳೆಗೆ ಬಂದಿರಬಹುದು. ಮೇಲೆ ಮೊಣಕಾಲುದ್ದ ಮಾತ್ರ ಮಣ್ಣಿದೆ ಅಂದಿರಲ್ಲ, ನನಗೆ ಚಿಂತೆ ಅದೇ. ಮುಂಗಾರಿಗೆ ಮೊದಲು ಕಂದು ಮಣ್ಣು ಶುರುವಾಗುವ ಜಾಗದಿಂದ ಮೇಲಕ್ಕೆ ಅಡ್ಡಲಾಗಿ ಒಡ್ಡು ಹಾಕಿಸಿ, ಬಿತ್ತನೆಯನ್ನೂ ಇಳಿಜಾರಿಗೆ ಅಡ್ಡವಾಗಿಯೇ ಮಾಡಿ. ಗುಂಡಿ ಮುಚ್ಚುವಾಗ ಅಡಿ ಮಣ್ಣು ಅಡಿಗೆ, ಮೇಲ್ಮಣ್ಣು ಮೇಲಕ್ಕೆ ಬರಲಿ.