ಫೈಲ್ ಎಲ್ಲಾ ಲಾಕ್ ಆಗ್ಯಾವ, ಮಾವನೋರ ತತ್ವಪದದ ರೆಕಾರ್ಡಿಂಗ್ ವಾಪಸ್ ಬರ್ತಾವೇನ್ರಿ?

ತೊಗರಿನಾಡು (ಕಲಬುರಗಿ):

ಎಲ್ಲಾರಿಗೂ ಶರಣ್ರೀ. ಮನಿ ಕಂಪ್ಯೂಟರ್‌ನಾಗ ಒಂದು ಫೈಲೂ ಓಪನ್ ಆಗವಲ್ದು, ತಿಳಿದೋರು ಜರಾ ದಾರಿ ಹೇಳ್ರಿ. ಏನಾಗ್ಯದಂದ್ರ, ಮೈದುನನ ಮಗ ಸೂಟಿಗೆ ಬಂದಾಂವ ವಿಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರ್ ಬೇಕಂತ ಯಾವ್ದೋ ಸೈಟಿನಿಂದ ಕ್ರ್ಯಾಕ್ (ರೊಕ್ಕ ಕೊಡದೇ ನಡಿಯೋ ಕಳ್ಳ ಕಾಪಿ) ಇಳಿಸ್ಯಾನ, ಅದ್ರಾಗ ಮೊದಲ ಆಂಟಿವೈರಸ್ ಬಂದ್ ಮಾಡ್ರಿ ಅಂತ ಬರ್ದಿತ್ತಂತ, ಬಂದ್ ಮಾಡಿ ಓಪನ್ ಮಾಡ್ಯಾನ. ವಿಂಡೋಸ್ ಅಪ್‌ಡೇಟ್ ನಡದದ ಅನ್ನೋ ಥರ ಒಂದು ಸಣ್ಣ ವಿಂಡೋ ಬಂತು, ಅಷ್ಟರಾಗ ಎಲ್ಲಾ ಫೈಲಿನ ಹೆಸರಿನ ಕೊನಿಗೆ ನಾಕು ಅಕ್ಷರದ್ದು ಅರ್ಥ ಇಲ್ಲದ ಹೊಸಾ ಎಕ್ಸ್‌ಟೆನ್ಷನ್ ಸೇರ್ಯದ. ಒಂದೊಂದು ಫೋಲ್ಡರ್‌ನಾಗೂ ರೀಡ್‌ಮೀ ಅಂತ ಟೆಕ್ಸ್ಟ್ ಫೈಲ್ ಬಂದು ಕುಂತದ, 999 ಡಾಲರ್ ಕೊಡ್ರಿ, 72 ತಾಸಿನೊಳಗಾದ್ರ 499 ಅಂತ ಅದರಾಗ ಬರದಾರ. ಬ್ರೌಸರ್‌ನಾಗೂ ಬಲಗಡೆ ಮೂಲ್ಯಾಗ ನಿಮ್ಮ ಪಿಸಿಗೆ ವೈರಸ್ ಬಂದದ ಅಂತ ಒಂದ್ರ ಹಿಂದ ಒಂದು ಬರ್ಲಾಕತ್ಯಾವ, ಆಂಟಿವೈರಸ್ ಇಳಿಸ್ಬೇಕಂದ್ರ ಆ ಸೈಟೇ ತೆರೀವಲ್ದು.

ಫೋಟೋ ಹೋದ್ರ ಹೋಗ್ಲಿ, ಭಾಳಷ್ಟು ಫೋನಿನಾಗೂ ಅವ. ನನಗ ಚಿಂತಿ ಮಾವನೋರ ಹಾಡಿಂದು. ಅವರು ಜೇವರ್ಗಿ ಕಡೆಯೋರು, ಹರೇದಾಗಿಂದ ಕಡಕೋಳ ಮಡಿವಾಳಪ್ಪನ ಪದ ಹಾಡ್ಕೋತ ಬಂದೋರು. ಭಜನಿ ಮ್ಯಾಳದಾಗ ಹಾಡಿದ್ದು, ಮನ್ಯಾಗ ಏಕತಾರಿ ಹಿಡ್ಕೊಂಡು ಹಾಡಿದ್ದು ಎಲ್ಲಾ ನಮ್ಮನಿಯವರು ರೆಕಾರ್ಡ್ ಮಾಡಿ ಇದ್ರಾಗೇ ಇಟ್ಟಿದ್ರು, ಕೆಲವು ಎಂಪಿ3, ಕೆಲವು ವೇವ್. ಪದಗಳನ್ನ ನುಡಿನಾಗ ಟೈಪ್ ಮಾಡಿದ ವರ್ಡ್ ಫೈಲೂ ಅವ. ಈಗ ಅವರಿಗೆ ದನಿ ಬಿದ್ದದ, ಮತ್ತ ಕುಂದರ್ಸಿ ಹಾಡಸ್ಲಾಕ ಆಗಂಗಿಲ್ಲ. ಸೂಪರ್ ಮಾರ್ಕೆಟ್ ಕಡೆ ಒಬ್ಬ ರಿಪೇರಿಯವರು ಫಾರ್ಮ್ಯಾಟ್ ಒಂದೇ ದಾರಿ ಅಂದ್ರು, ಇನ್ನೊಬ್ಬರು ಫೋನಿನಾಗೇ ಡಿಕ್ರಿಪ್ಟ್ ಮಾಡಿ, ಅಂದ್ರ ಲಾಕ್ ಬಿಡಿಸಿ ಕೊಡ್ತೀನಿ, ಅರ್ಧ ರೊಕ್ಕ ಮೊದಲ ಹಾಕ್ರಿ ಅನ್ಲಾಕತ್ಯಾರ. ಯಾರ ಮಾತು ಕೇಳ್ಬೇಕು?

ಕೋಟೆಬೀದರ್ (ಬೀದರ್):

ಅಕ್ಕಾರ, ಇಬ್ಬರ ಮಾತೂ ಕೇಳಬ್ಯಾಡ್ರಿ. ಮೊದಲ ಆ ಪಿಸಿದು ನೆಟ್ ಕೇಬಲ್ ಕಿತ್ತಿಡ್ರಿ, ವೈಫೈ ಆಫ್ ಮಾಡ್ರಿ, ಪೆನ್‌ಡ್ರೈವ್ ಹಾರ್ಡ್‌ಡಿಸ್ಕ್ ಏನಾದ್ರೂ ಸಿಗಸಿದ್ರ ತೆಗೀರಿ, ಯಾಕಂದ್ರ ಅದು ಇನ್ನೂ ಓಡ್ಲಾಕತ್ತಿದ್ರ ಹೊಸಾದಾಗಿ ಹಾಕಿದ್ದನ್ನೂ ಲಾಕ್ ಮಾಡ್ತದ.

ನೀವು ಹೇಳಿದ ಗುರುತು ನೋಡಿದ್ರ ಇದು ಸ್ಟಾಪ್ ಅಥವಾ ಡಿಜೆವಿಯು ಅಂತಾರಲ್ಲ ಆ ಜಾತಿ ರ‍್ಯಾನ್ಸಮ್‌ವೇರ್, ಅಂದ್ರ ಫೈಲ್ ಲಾಕ್ ಮಾಡಿ ರೊಕ್ಕ ಕೇಳೋ ವೈರಸ್. ನಾಕು ಅಕ್ಷರದ ಎಕ್ಸ್‌ಟೆನ್ಷನ್, ರೀಡ್‌ಮೀ ಫೈಲ್, ಸುಳ್ಳು ಅಪ್‌ಡೇಟ್ ವಿಂಡೋ, ಎಲ್ಲಾ ಅದರದೇ. ಮೊದಲ 980 ಮತ್ತ 490 ಡಾಲರ್ ಕೇಳ್ತಿದ್ರು, ಆಮ್ಯಾಲ 999 ಮಾಡ್ಯಾರ. ಆಫೀಸ್ ಆಸ್ಪತ್ರಿಗೆ ಬರೋ ರ‍್ಯಾನ್ಸಮ್‌ವೇರ್ ಬ್ಯಾರೆ ಇರ್ತಾವ, ಇದು ಖಾಸ ಮನಿ ಕಂಪ್ಯೂಟರ್‌ಗೇ ಬರೋದು, ಕ್ರ್ಯಾಕ್, ಕೀಜೆನ್ (ಸುಳ್ಳು ಲೈಸೆನ್ಸ್ ನಂಬರ್ ಮಾಡೋದು), ವಿಂಡೋಸ್ ಆಕ್ಟಿವೇಟರ್ (ರೊಕ್ಕ ಕೊಡದೇ ವಿಂಡೋಸ್ ನಡಸೋದು) ಇದ್ರಾಗ ಕುಂತು ಬರ್ತದ. ಆಂಟಿವೈರಸ್ ಸೈಟ್ ತೆರೀದೇ ಇರೋದೂ ಇದರ ಕೆಲಸಾನೇ, ವಿಂಡೋಸ್‌ನ ಹೋಸ್ಟ್ಸ್ ಅನ್ನೋ ಫೈಲಿನಾಗ ಆ ಸೈಟುಗಳ ಹೆಸರು ಹಾಕಿ ದಾರಿ ಬಂದ್ ಮಾಡಿರ್ತದ.

ಒಂದು ಮಾತು ಪೂರಾ ತಿಳ್ಕೋರಿ, ವೈರಸ್ ತೆಗಿಯೋದು ಒಂದು ಕೆಲಸ, ಫೈಲ್ ಬಿಡಿಸೋದು ಬ್ಯಾರೆನೇ ಕೆಲಸ. ಕಳ್ಳನ್ನ ಮನಿಯಿಂದ ಹೊರಗ ಹಾಕಿದ್ರೂ ಅಂವ ಹಾಕಿದ ಕೀಲಿ ಹಂಗೇ ಇರ್ತದ. ಆಂಟಿವೈರಸ್ ಎಷ್ಟು ಚಲೋದು ಹಾಕಿದ್ರೂ ಫೈಲ್ ತೆರಿಯಂಗಿಲ್ಲ, ಅದಕ್ಕೇ ಸ್ಕ್ಯಾನ್ ಮಾಡಿದ್ವಿ ಏನೂ ಆಗ್ಲಿಲ್ಲ ಅಂತ ಮಂದಿ ಸಿಟ್ಟಿಗೆದ್ದು ಫಾರ್ಮ್ಯಾಟ್ ಹೊಡೀತಾರ, ಇದ್ದದ್ದೂ ಹೋಗ್ತದ.

ಈಗ ಸಿ ಡ್ರೈವ್‌ನಾಗ ಸಿಸ್ಟಮ್‌ಐಡಿ ಅಂತ ಫೋಲ್ಡರ್ ಇರ್ತದ, ಅದರೊಳಗ ಪರ್ಸನಲ್‌ಐಡಿ ಅನ್ನೋ ಟೆಕ್ಸ್ಟ್ ಫೈಲ್. ಅದನ್ನ ತೆರ್ದು ಉದ್ದನೆ ಐಡಿ ಕೊನಿಗೆ ಏನದ ನೋಡ್ರಿ. ಸಣ್ಣ ಟಿ ಮತ್ತ 1 ಇದ್ರ ಆಫ್‌ಲೈನ್ ಕೀ, ಅಂದ್ರ ಅವತ್ತು ವೈರಸ್‌ಗೆ ಅದರ ಸರ್ವರ್ ಸಿಕ್ಕಿಲ್ಲ, ತನ್ನೊಳಗಿದ್ದ ಒಂದೇ ಕೀಲಿ ಹಾಕ್ಯದ, ಅದೇ ಕೀಲಿ ಬ್ಯಾರೆಯೋರಿಗೂ ಬಿದ್ದಿರ್ತದ, ಬಿಡಿಸ್ಲಾಕ ಆಗಬಹುದು. ಟಿ1 ಇಲ್ಲಂದ್ರ ಆನ್‌ಲೈನ್, ನಿಮಗಂತಲೇ ಮಾಡಿದ ಕೀಲಿ, ಅದು ಅವರ ಕಡೆ ಮಾತ್ರ ಇರ್ತದ. ಎಮ್ಸಿಸಾಫ್ಟ್ ಅನ್ನೋ ಆಂಟಿವೈರಸ್ ಕಂಪನಿಯೋರು 2019 ಅಕ್ಟೋಬರ್‌ನಾಗ ಇದಕ್ಕ ಡಿಕ್ರಿಪ್ಟರ್ ಬಿಟ್ಟಾರ, ಪುಕ್ಕಟೆ ಅದ. ಅದನ್ನ ಅವರ ಸ್ವಂತ ಸೈಟಿನಿಂದ ಇಲ್ಲಾ ನೋ ಮೋರ್ ರ‍್ಯಾನ್ಸಮ್ ಸೈಟಿನಿಂದ ಇಳಿಸ್ರಿ, ಈ ಸೈಟನ್ನ ಯುರೋಪೋಲ್, ಡಚ್ ಪೊಲೀಸರು ಮತ್ತ ಎರಡು ಆಂಟಿವೈರಸ್ ಕಂಪನಿ ಕೂಡಿ 2016ರಾಗ ಶುರು ಮಾಡಿದ್ದು. ಗೂಗಲ್‌ನಾಗ ಹುಡುಕಿ ಮೊದಲ ಸಿಕ್ಕಿದ್ದು ಒತ್ತಬ್ಯಾಡ್ರಿ. 2020ರಾಗ ಜೋರಾಬ್ ಅಂತ ಒಂದು ಬಂದಿತ್ತು, ಡಿಜೆವಿಯು ಡಿಕ್ರಿಪ್ಟರ್ ಅಂತ ಹೆಸರು ಹೇಳಿ ಲಾಕ್ ಆದ ಫೈಲನ್ನೇ ಇನ್ನೊಂದ್ಸಲ ಲಾಕ್ ಮಾಡ್ತಿತ್ತು.

ಫೋನಿನಾಗ ಬಿಡಿಸಿ ಕೊಡ್ತೀನಿ ಅನ್ನೋರಿಗೆ ಒಂದು ರೂಪಾಯಿ ಹಾಕಬ್ಯಾಡ್ರಿ. ಆನ್‌ಲೈನ್ ಕೀ ಇದ್ರ ಯಾರ ಕಡೆಯಿಂದಾನೂ ಬಿಡಿಸ್ಲಾಕ ಆಗಂಗಿಲ್ಲ, ಒಂದೋ ಅವರೇ ಕಳ್ಳರಿಗೆ ರೊಕ್ಕ ಕೊಟ್ಟು ನಿಮ್ಮ ಕಡೆ ಹೆಚ್ಚಿಗಿ ತೊಗೋತಾರ, ಇಲ್ಲಾ ಮುಂಗಡ ತೊಗೊಂಡು ಫೋನ್ ಎತ್ತಂಗಿಲ್ಲ.

ಗಂಜ್_ರೋಡ್ (ಕಲಬುರಗಿ):

ಇಷ್ಟೆಲ್ಲಾ ಯಾಕ್ರೀ, ಆನ್‌ಲೈನ್ ಕೀ ಇದ್ರ ಆಶಾ ಬಿಟ್ಟು ಫಾರ್ಮ್ಯಾಟ್ ಮಾಡಿ ಹೊಸಾ ವಿಂಡೋಸ್ ಹಾಕ್ರಿ. ನಮ್ಮ ಕಾಕಾನ ಪಿಸಿಗೂ ಹಂಗೇ ಮಾಡಿದ್ವಿ, ಈಗ ಚಲೋ ನಡದದ.

ಕೋಟೆಬೀದರ್ (ಬೀದರ್):

ಅಣ್ಣಾ, ವಿಂಡೋಸ್ ಹೊಸಾದು ಹಾಕೋದು ಖರೇ ಅದ, ಆದ್ರ ಲಾಕ್ ಆದ ಫೈಲ್ ಅಳಿಸಬಾರ್ದು. ಟೆಸ್ಲಾಕ್ರಿಪ್ಟ್ ಅನ್ನೋ ಇಂಥಾದ್ದೇ ವೈರಸ್ ಮಾಡಿದೋರು 2016 ಮೇ ತಿಂಗಳಾಗ ತಾವೇ ಮಾಸ್ಟರ್ ಕೀ ಕೊಟ್ಟು ಅಂಗಡಿ ಮುಚ್ಚಿದ್ರು, ಶೇಡ್ ಅನ್ನೋದರ ಕೀಲಿ ಏಳೂವರಿ ಲಕ್ಷದಷ್ಟು 2020 ಏಪ್ರಿಲ್‌ನಾಗ ಹೊರಗ ಬಂದುವು. ಅಲ್ಲೀತನಾ ಫೈಲ್ ಇಟ್ಕೊಂಡೋರಿಗೆ ವಾಪಸ್ ಸಿಕ್ಕುವು, ಫಾರ್ಮ್ಯಾಟ್ ಮಾಡಿದೋರಿಗೆ ಇಲ್ಲ. ಇದಕ್ಕೂ ಹಂಗೇ ಆಗ್ತದಂತ ನಾ ಹೇಳ್ಲಾಕ ಆಗಂಗಿಲ್ಲ, ಆದ್ರ ಒಂದು ಹಾರ್ಡ್‌ಡಿಸ್ಕ್‌ನಾಗ ಕಾಪಿ ಇಟ್ಕೊಳ್ಳಾಕ ಏನ್ ಅಡ್ಡಿ? ಮಾವನೋರ ದನಿ ಮತ್ತ ಸಿಗೋದಲ್ಲ.

ಸುರಪುರದಾಂವ (ಯಾದಗಿರಿ):

ತೆಗಿಯೋ ಕೆಲಸ ನಾ ಹೇಳ್ತೀನಿ ಅಕ್ಕಾರ, ನಾ ಇದೇ ರಿಪೇರಿ ಮಾಡ್ತೀನಿ. ಎಲ್ಲಾಕ್ಕಿಂತ ಮೊದಲ ಪಾಸ್‌ವರ್ಡ್. ಈ ಡಿಜೆವಿಯು ಒಂದೇ ಬರಂಗಿಲ್ಲ, ಜೋಡಿಗೆ ಅಜೊರಲ್ಟ್, ವಿಡಾರ್, ರೆಡ್‌ಲೈನ್ ಅಂತ ಪಾಸ್‌ವರ್ಡ್ ಕದಿಯೋವು ಬರ್ತಾವ, ಬ್ರೌಸರ್‌ನಾಗ ಸೇವ್ ಮಾಡಿದ್ದೆಲ್ಲಾ ಆವತ್ತೇ ಹೋಗಿರ್ತದ. ಮಂದಿ ಫೈಲಿನ ಚಿಂತ್ಯಾಗ ಇದನ್ನ ಮರೀತಾರ, ಆಮ್ಯಾಲ ಫೇಸ್‌ಬುಕ್ ಹೋಯ್ತು ಜಿಮೇಲ್ ಹೋಯ್ತು ಅಂತ ಬರ್ತಾರ. ಆ ಪಿಸಿನಾಗ ಅಲ್ಲ, ನಿಮ್ಮ ಫೋನಿನಿಂದ ಜಿಮೇಲ್, ಬ್ಯಾಂಕ್, ಫೇಸ್‌ಬುಕ್ ಎಲ್ಲಾದ್ದೂ ಬದಲಿಸ್ರಿ, ಎಲ್ಲಾ ಕಡೆಯಿಂದ ಲಾಗೌಟ್ ಅನ್ನೋದು ಒತ್ರಿ, ಎರಡು ಹಂತದ ಒಟಿಪಿ ಹಚ್ಚಿಡ್ರಿ. ಬರೇ ಪಾಸ್‌ವರ್ಡ್ ಬದಲಿಸಿದ್ರ ಸಾಲಂಗಿಲ್ಲ, ಕುಕ್ಕಿ (ಲಾಗಿನ್ ಆದ ಗುರುತನ್ನ ಬ್ರೌಸರ್ ಇಟ್ಕೊಳ್ಳೋ ಸಣ್ಣ ಫೈಲ್) ಕದ್ದಿದ್ರ ಪಾಸ್‌ವರ್ಡ್ ಇಲ್ಲದೇ ಒಳಗ ಬರ್ತಾರ. ಬ್ಯಾಂಕಿನಿಂದ ರೊಕ್ಕ ಹೋದದ್ದು ಕಂಡ್ರ ಆಗಿಂದಾಗ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ರಿ. ಕಂಪ್ಲೇಂಟ್ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಾಗ ಕೊಡಬಹುದು, ಇಲ್ಲಾ ಕಲಬುರಗಿನಾಗೇ ಸೆನ್ (ಸೈಬರ್ ಅಪರಾಧ ನೋಡೋ) ಪೊಲೀಸ್ ಠಾಣಾ ಅದ, ಆ ರೀಡ್‌ಮೀ ಫೈಲ್ ಪ್ರಿಂಟ್ ತೊಗೊಂಡು ಹೋಗ್ರಿ.

ಆಮ್ಯಾಲ ವಿಂಡೋಸ್ ಸೆಕ್ಯುರಿಟಿನಾಗ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡ್ರಿ, ಪಿಸಿ ತಾನೇ ರೀಸ್ಟಾರ್ಟ್ ಆಗಿ ವಿಂಡೋಸ್ ಪೂರಾ ಶುರು ಆಗೋಕ ಮೊದಲೇ ಸ್ಕ್ಯಾನ್ ಮಾಡ್ತದ, ಕಾಲು ತಾಸು ಹಿಡೀಬಹುದು. ಮುಗಿದ ಮ್ಯಾಲ ಟಾಸ್ಕ್ ಶೆಡ್ಯೂಲರ್ ತೆರ್ದು ಟೈಮ್ ಟ್ರಿಗರ್ ಟಾಸ್ಕ್ ಅನ್ನೋದು ಇದ್ರ ಅಳಿಸ್ರಿ, ಡಿಜೆವಿಯು ಇದನ್ನ ಹಾಕಿ ಮತ್ತ ಮತ್ತ ಎದ್ದು ಬರ್ತದ, ಫೈಲ್ ಬಿಡಿಸಿದ ಮ್ಯಾಲ ಪುನಃ ಲಾಕ್ ಆಗೋದು ಇದರಿಂದಾನೇ. ಮೂಲ್ಯಾಗ ಬರೋ ವೈರಸ್ ಬಂದದ ಅನ್ನೋದು ವೈರಸ್ ಅಲ್ಲ, ಯಾವ್ದೋ ಸೈಟಿಗೆ ಅಲೋ ಒತ್ತಿರ್ತಾರ, ಕ್ರೋಮ್ ಸೆಟ್ಟಿಂಗ್ಸ್‌ನಾಗ ನೋಟಿಫಿಕೇಶನ್ಸ್ ಅನ್ನೋದ್ರಾಗ ಗುರುತಿಲ್ಲದ ಸೈಟ್ ಎಲ್ಲಾ ತೆಗೆದ್ರ ನಿಂತು ಹೋಗ್ತಾವ. ಪಿಸಿ ಕ್ಲೀನರ್, ಡ್ರೈವರ್ ಅಪ್‌ಡೇಟರ್ ಅಂತ ನೀವು ಹಾಕದೇ ಬಂದು ಕುಂತದ್ದೆಲ್ಲಾ ಆಪ್ಸ್ ಲಿಸ್ಟ್‌ನಾಗ ಅನ್‌ಇನ್‌ಸ್ಟಾಲ್ ಮಾಡ್ರಿ, ಎಕ್ಸ್‌ಟೆನ್ಷನ್ನೂ ನೋಡ್ರಿ, ಉಳಿದ ಕಸಕ್ಕ ಮಾಲ್‌ವೇರ್‌ಬೈಟ್ಸ್‌ನೋರ ಆಡ್ವ್‌ಕ್ಲೀನರ್ ಪುಕ್ಕಟೆ ಅದ, ಸಾಕು.

ತೊಗರಿನಾಡು (ಕಲಬುರಗಿ):

ಭಾಳ ಉಪಕಾರ ಆತ್ರಿ ಅಣ್ಣಾರ. ಪಾಸ್‌ವರ್ಡ್ ಎಲ್ಲಾ ಬದಲಿಸೀವಿ. ಐಡಿ ನೋಡ್ದೆ, ಕೊನಿಗೆ ಟಿ1 ಇಲ್ಲ. ಡಿಕ್ರಿಪ್ಟರ್ ಹಾಕಿದ್ರ ಇದು ಆನ್‌ಲೈನ್ ಐಡಿ, ಬಿಡಿಸ್ಲಾಕ ಆಗಂಗಿಲ್ಲ ಅಂತ ಹೇಳ್ತು. ಅದನ್ನ ಓದಿ ನಮ್ಮನಿಯವರು ಸುಮ್ಮ ಕುಂತುಬಿಟ್ಟಾರ. 499 ಡಾಲರ್ ಕೊಟ್ಟೇ ಬಿಡೋಣೇನು ಅನ್ಲಾಕತ್ಯಾರ.

ಹಾಡುಪಾಡು (ಬೀದರ್):

ಕೊಡಬ್ಯಾಡ್ರಿ ಅಕ್ಕಾ, ಇನ್ನೊಂದು ದಾರಿ ಅದ. ನಾ ಜನಪದ ಹಾಡು ರೆಕಾರ್ಡ್ ಮಾಡೋ ಕೆಲಸದಾಗ ಇದ್ದೀನಿ, ಅದಕ್ಕ ಈ ವಿಷಯ ಗೊತ್ತು. ಡಿಜೆವಿಯು ಜಲ್ದಿ ಮುಗಿಸ್ಬೇಕಂತ ಪೂರಾ ಫೈಲ್ ಲಾಕ್ ಮಾಡಂಗಿಲ್ಲ, ಒಂದೊಂದು ಫೈಲಿನ ಮೊದಲ 150 ಕೆಬಿಯಷ್ಟೇ ಲಾಕ್ ಮಾಡ್ತದ. ಫೈಲ್‌ನ ತಲಿ ಕೆಟ್ಟಿದ್ದಕ್ಕ ಪ್ಲೇಯರ್‌ಗೆ ಇದು ಹಾಡು ಅಂತ ಗುರುತು ಸಿಗಂಗಿಲ್ಲ, ಹಿಂದಿನ ಹಾಡೆಲ್ಲಾ ಹಂಗೇ ಇರ್ತದ. 128 ಕೆಬಿಪಿಎಸ್ ಎಂಪಿ3 ಅಂದ್ರ ಸೆಕೆಂಡಿಗೆ 16 ಕೆಬಿ, ಅಂದ್ರ ಮೊದಲಿನ ಒಂಬತ್ತು ಹತ್ತು ಸೆಕೆಂಡ್ ಹೋಗ್ತದ ಅಷ್ಟೇ. ಸಿಡಿ ಕ್ವಾಲಿಟಿ ವೇವ್ ಇದ್ರಂತೂ ಒಂದು ಸೆಕೆಂಡೂ ಹೋಗಂಗಿಲ್ಲ. ಏಕತಾರಿ ಶ್ರುತಿ ಹಿಡಿಯೋ ಹೊತ್ತಿಗೇ ಅಷ್ಟು ಆಗಿರ್ತದ, ಪದದ ಸೊಲ್ಲು ಆಮ್ಯಾಲೇ ಬರ್ತದ.

ಡಿಸ್ಕ್‌ಟ್ಯೂನಾದವರ ಮೀಡಿಯಾ ರಿಪೇರ್ ಅಂತ ಪುಕ್ಕಟೆ ಟೂಲ್ ಅದ, ಇದೇ ಡಿಜೆವಿಯು ಸಲುವಾಗಿ ಮಾಡಿದ್ದು, ಎಂಪಿ3, ವೇವ್, ಎಂಪಿ4 ಎಲ್ಲಾ ನೋಡ್ತದ. ವಿಡಿಯೋ ಇದ್ರ ಅದೇ ಫೋನಿನಾಗ ಅದೇ ಸೆಟ್ಟಿಂಗ್‌ನಾಗ ತೆಗೆದ ಒಂದು ಚಲೋ ವಿಡಿಯೋ ಜೋಡಿಗೆ ಕೊಡ್ಬೇಕು, ಅದನ್ನ ನೋಡಿ ಇದನ್ನ ಕಟ್ತದ. ಲಾಕ್ ಆದ ಫೈಲಿನ ಕಾಪಿ ಮ್ಯಾಲೇ ಮಾಡ್ರಿ, ಅಸಲು ಮುಟ್ಟಬ್ಯಾಡ್ರಿ. ವರ್ಡ್ ಫೈಲ್ ಮಾತ್ರ ಕಷ್ಟ, ಅವು 150 ಕೆಬಿಕ್ಕಿಂತ ಸಣ್ಣವೇ ಇರ್ತಾವ, ಪೂರಾ ಲಾಕ್ ಆಗಿರ್ತಾವ. ಪದಗಳ ಪುಸ್ತಕ ಮಾಡ್ಬೇಕಂತ ಯಾವ್ದಾದ್ರೂ ಡಿಟಿಪಿಯವರಿಗೆ ಮೇಲ್ ಮಾಡಿದ್ರೇನು, ಸೆಂಟ್ ಮೇಲ್ ನೋಡ್ರಿ. ವಾಟ್ಸಾಪ್‌ನಾಗ ಕಳಿಸಿದ್ದೂ ಸಿಗ್ತದ.

ತೊಗರಿನಾಡು (ಕಲಬುರಗಿ):

ಅಣ್ಣಾರ, ಬಂತ್ರೀ! ಬ್ಯಾರೆ ಒಂದು ಲ್ಯಾಪ್‌ಟಾಪ್‌ನಾಗ ಕಾಪಿ ಹಾಕ್ಕೊಂಡು ಮಾಡಿದ್ವಿ. ವೇವ್ ಎಲ್ಲಾ ಬಂದಾವ, ಎಂಪಿ3 ಭಾಳಷ್ಟು ಬಂದಾವ, ಶುರುವಿಂದು ಜರಾ ಕಟ್ ಆಗ್ಯಾದಷ್ಟೇ. ಮಾವನೋರಿಗೆ ಕೇಳ್ಸಿದ್ವಿ, ತಾಳ ಹಾಕ್ಕೋತ ಕುಂತಿದ್ರು. ಸೆಂಟ್ ಮೇಲ್‌ನಾಗ ಅರ್ಧ ಪದ ಸಿಕ್ಕುವು, ಉಳಿದದ್ದು ಅವರ ನೋಟ್‌ಬುಕ್‌ನಾಗ ಅವ, ಮತ್ತ ಟೈಪ್ ಮಾಡ್ತೀನಿ. ಈಗ ಪಿಸಿಗೆ ಹೊಸಾ ವಿಂಡೋಸ್ ಹಾಕಿಸ್ಬೇಕಲ್ಲ, ಡಿ ಡ್ರೈವೂ ಖಾಲಿ ಮಾಡ್ಬೇಕೇನು? ಮತ್ತ ಇದು ವಿಂಡೋಸ್ 10ರದು.

ಸುರಪುರದಾಂವ (ಯಾದಗಿರಿ):

ಕೇಳಿ ಭಾಳ ಖುಷಿ ಆತು ಅಕ್ಕಾರ. ಲಾಕ್ ಆದ ಫೈಲ್, ರೀಡ್‌ಮೀ, ಪರ್ಸನಲ್‌ಐಡಿ ಫೈಲ್ ಎಲ್ಲಾ ಒಂದು ಹೊರಗಿನ ಡಿಸ್ಕ್‌ಗೆ ಹಾಕಿ ತೆಗೆದಿಟ್ಟು, ಆಮ್ಯಾಲ ಎರಡೂ ಡ್ರೈವ್ ಖಾಲಿ ಮಾಡ್ರಿ, ಆ ಕ್ರ್ಯಾಕ್ ಇಳಿಸಿದ್ದು ಡಿ ಡ್ರೈವ್‌ನಾಗೇ ಉಳಿದಿದ್ರ ಯಾರೋ ಮತ್ತ ಒತ್ತತಾರ. ವಿಂಡೋಸ್ 10ಕ್ಕ 2025 ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗದದ, ಪಿಸಿ ತಡ್ಕೊಳ್ಳಂಗಿದ್ರ 11 ಹಾಕ್ಸ್ರಿ. ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ 8 ಜಿಬಿ ಪೆನ್‌ಡ್ರೈವ್‌ನಾಗ ಮಾಡ್ಕೋರಿ, ಅಂಗಡಿಯವರ ಕಡೆ ಇರೋ ಆಕ್ಟಿವೇಟರ್ ಹಾಕಿದ ವಿಂಡೋಸ್ ಮಾತ್ರ ಬ್ಯಾಡ, ಇದೇ ರೋಗ ಅದ್ರಾಗಿಂದಾನೇ ಬರ್ತದ.

ಹಾಕಿದ ಮ್ಯಾಲ ವಿಂಡೋಸ್ ಸೆಕ್ಯುರಿಟಿನಾಗ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಇರ್ತದ, ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡ್ರಿ, ಅದು ಬಂದ್ ಇರ್ತದ, ನಾವೇ ಹಚ್ಬೇಕು. ಹಾಡಿನ ಫೋಲ್ಡರ್ ಅದ್ರಾಗ ಸೇರಿಸ್ರಿ. ಅನಗತ್ಯ ಆಪ್ ತಡೆಯೋದು ಆಪ್ ಅಂಡ್ ಬ್ರೌಸರ್ ಕಂಟ್ರೋಲ್‌ನಾಗ ಅದ, ಅದನ್ನೂ ಹಚ್ರಿ. ಹುಡುಗಗ ಆಡ್ಮಿನ್ ಇಲ್ಲದ ಬ್ಯಾರೆ ಅಕೌಂಟ್ ಮಾಡಿ ಕೊಡ್ರಿ, ವಿಡಿಯೋಕ್ಕ ಶಾಟ್‌ಕಟ್, ಆಡಿಯೋಕ್ಕ ಆಡಾಸಿಟಿ ಹಾಕಿ ಕೊಡ್ರಿ, ಎರಡೂ ಪುಕ್ಕಟೆ, ಕ್ರ್ಯಾಕ್ ಬೇಕಾಗಂಗಿಲ್ಲ. ಹಾಡಿಂದು ಒಂದು ಕಾಪಿ ಹಾರ್ಡ್‌ಡಿಸ್ಕ್‌ನಾಗ ಹಾಕಿ ವೈರ್ ತೆಗೆದು ತಿಜೋರ್ಯಾಗ ಇಡ್ರಿ, ಇನ್ನೊಂದು ಬ್ಯಾರೆ ಊರಿನಾಗ ಯಾರಾದ್ರೂ ಮನಿ ಮಂದಿ ಕಡೆ ಇಡ್ರಿ.

ಹಾಡುಪಾಡು (ಬೀದರ್):

ಬ್ಯಾರೆ ಊರಿನ ಕಾಪಿ ನಾ ಇಟ್ಕೋತೀನಿ ಅಕ್ಕಾ, ಮಾವನೋರು ಒಪ್ಪಿದ್ರ. ಶುರುವಿನ ಹತ್ತು ಸೆಕೆಂಡ್ ಹೋದ ಎಂಪಿ3ಗಳನ್ನೂ ಆಡಾಸಿಟಿನಾಗ ಸಾಫ್ ಮಾಡಿ ಕೊಡ್ತೀನಿ, ಮೆಸೇಜ್ ಹಾಕ್ರಿ.