ಬೇಸಿಕ್‌: 10 ಅಕ್ಷರಕ್ಕಿಂತ ಹೆಚ್ಚು ಟೈಪ್ ಆಗದಂತೆ ತಡೆಯೋದು ಹೇಗೆ?

ಪ್ರಶ್ನೆ: ಕ್ಯೂಬೇಸಿಕ್‌ನಲ್ಲಿ (ಬೇಸಿಕ್ ಪ್ರೋಗ್ರಾಮಿಂಗ್ ಭಾಷೆಯ ಒಂದು ರೂಪ) ಬರೆದ ಪ್ರೋಗ್ರಾಮ್‌ನ ಪರದೆಯಲ್ಲಿ ಹೆಸರಿಗೆ 10 ಅಕ್ಷರದ ಜಾಗವಿದೆ. ಟೈಪ್ ಮಾಡಿದ್ದನ್ನು ಓದುವ ಇನ್‌ಪುಟ್ ಆದೇಶ ಬಳಸಿದರೆ ಉದ್ದ ಹೆಸರು ಪಕ್ಕದ ಚೌಕಟ್ಟಿಗೆ ನುಗ್ಗುತ್ತೆ. ಅಲ್ಪವಿರಾಮ ಬಿದ್ದರೆ 'ರೀಡೂ ಫ್ರಮ್ ಸ್ಟಾರ್ಟ್' (ಮೊದಲಿಂದ ಮತ್ತೆ ಟೈಪ್ ಮಾಡಿ) ಅನ್ನುತ್ತೆ.

ಉತ್ತರ 1: ಅಲ್ಪವಿರಾಮದ ಕಾಟಕ್ಕೆ ಇಡೀ ಸಾಲನ್ನು ಹಾಗೇ ಓದುವ ಲೈನ್ ಇನ್‌ಪುಟ್ ಸಾಕು. ಉದ್ದವನ್ನು ಆಮೇಲೆ ಲೆಫ್ಟ್-ಡಾಲರ್‌ನಿಂದ (LEFT$, ಎಡಗಡೆಯ ಇಷ್ಟು ಅಕ್ಷರ ಕೊಡುವ ಫಂಕ್ಷನ್) ಕತ್ತರಿಸಬಹುದು, ಆದರೆ ಅಷ್ಟರಲ್ಲಿ ಪರದೆ ಕೆಟ್ಟಿರುತ್ತೆ.

ಉತ್ತರ 2: ಇನ್‌ಕೀ-ಡಾಲರ್ (INKEY$, ಒತ್ತಿದ ಒಂದೊಂದೇ ಕೀ ಓದುತ್ತೆ) ಲೂಪೇ ಸರಿ. ಯಾವ ಕೀಯನ್ನೂ ಒತ್ತದೆ ಖಾಲಿ ಬಂದರೆ ಮತ್ತೆ ಓದಿ. ಖಾಲಿ ಸ್ಟ್ರಿಂಗ್ (ಅಕ್ಷರಗಳ ಸರಣಿ) ಮೇಲೆ ಎಎಸ್‌ಸಿ (ASC, ಅಕ್ಷರದ ಕೋಡ್ ಕೊಡುವ ಫಂಕ್ಷನ್) ಕರೆದರೆ 'ಇಲ್ಲೀಗಲ್ ಫಂಕ್ಷನ್ ಕಾಲ್' ಎರರ್. ಬಾಣದ ಕೀಗಳು 2 ಅಕ್ಷರವಾಗಿ ಬರುತ್ತವೆ, ಕಡೆಗಣಿಸಿ. ಕೋಡ್ 13 (ಎಂಟರ್ ಕೀ) ಆದರೆ ಮುಗಿಸಿ. ಕೋಡ್ 32ರಿಂದ 126ರೊಳಗಿದ್ದು (ಪರದೆಯಲ್ಲಿ ಕಾಣುವ ಅಕ್ಷರಗಳು), ಲೆನ್ (LEN, ಈವರೆಗಿನ ಹೆಸರಿನ ಉದ್ದ) 10ಕ್ಕಿಂತ ಕಡಿಮೆಯಿದ್ದರೆ ಮಾತ್ರ ಸೇರಿಸಿ, ಮುಂದಿನ ಸಾಲಿಗೆ ಹೋಗದಂತೆ ಸೆಮಿಕೋಲನ್ ಹಾಕಿ ಪ್ರಿಂಟ್ ಮಾಡಿ.

ಉತ್ತರ 3: ಬ್ಯಾಕ್‌ಸ್ಪೇಸ್ ಮರೀಬೇಡಿ, ಕೋಡ್ 8. ಎಲ್ಲರೂ ಎಡವೋದು ಇಲ್ಲೇ: ಕೊನೆಯ ಅಕ್ಷರ ತೆಗೆಯಲು ಲೆಫ್ಟ್-ಡಾಲರ್‌ಗೆ ಲೆನ್‌ಗಿಂತ ಒಂದು ಕಡಿಮೆ ಕೊಡ್ತೀವಿ; ಲೆನ್ 0 ಇದ್ದಾಗ ಅದಕ್ಕೆ -1 ಹೋಗಿ ಅದೇ 'ಇಲ್ಲೀಗಲ್ ಫಂಕ್ಷನ್ ಕಾಲ್' ಎರರ್, ಹಾಗಾಗಿ 0 ಇದ್ದರೆ ಅಳಿಸಬೇಡಿ. ಪರದೆಯಲ್ಲಿ ಅಳಿಸಲು ಲೊಕೇಟ್‌ನಿಂದ (ಕರ್ಸರ್ ಸರಿಸುವ ಆದೇಶ) ಒಂದು ಕಾಲಂ ಹಿಂದೆ, ಒಂದು ಸ್ಪೇಸ್ ಪ್ರಿಂಟ್, ಮತ್ತೆ ಹಿಂದೆ.